ರಿಪೋರ್ಟಿನ 31ರ ಬಗ್ಗೆ ದೊಡ್ಡಪ್ಪನ ಕಿವಿಮಾತು

ಮಗಳೇ,

ಮನೆಯವರ ವಾಟ್ಸಾಪ್ ಗುಂಪಿಗೆ ನೀನು ಹಾಕಿದ ರಿಪೋರ್ಟ್ ನೋಡಿದೆ. ಅಲ್ಲಿ ಹಾಕಬಾರದಿತ್ತು ಕಣಮ್ಮ. ಈ ಸಲ ಕತ್ತಿನ ಮೂಲಕ ಮಾಡುವ ಹೃದಯದ ಬಯಾಪ್ಸಿ ಇಲ್ಲ, ಬರೀ ರಕ್ತ ಕೊಟ್ಟು ಬಂದೆ ಅನ್ನುವ ಖುಷಿಗೆ ನೀನು ಹಾಕಿದೆ. ನಿನ್ನಮ್ಮನ ಕಣ್ಣಿಗೆ ಬಿದ್ದದ್ದು ಮಾತ್ರ ಹೋದ ಸಲ 29 ಇದ್ದ ಅಂಕ ಈಗ 31 ಆಗಿರುವುದು. ರಾತ್ರಿಯೇ ಫೋನ್ ಮಾಡಿ, "ಭಾವ, ಎರಡು ಏರಿದೆ" ಅಂದಳು. ನಿನ್ನ ಚಿಕ್ಕಪ್ಪ ಅಷ್ಟರಲ್ಲಿ ಗೂಗಲ್‌ನಲ್ಲಿ ಏನೇನೋ ಹುಡುಕಿ ಎಲ್ಲರಿಗೂ ಹಂಚಿದ್ದ. ಸೋದರತ್ತೆಯಿಂದ ಅಮೃತಬಳ್ಳಿ ಕಷಾಯದ ವಿಡಿಯೊ ಬಂತು. ನಾನು ಬದುಕೆಲ್ಲ ಮೈಸೂರಿನಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂತ ಪ್ಯಾಥಾಲಜಿಯವನು, ಹೃದಯದ ಡಾಕ್ಟರಲ್ಲ. ಆದರೂ ಒಂದು ರಿಪೋರ್ಟು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನುವುದು ಸ್ವಲ್ಪ ಗೊತ್ತು. ಅದನ್ನು ನಿನಗೊಬ್ಬಳಿಗೇ ಹೇಳುತ್ತೇನೆ.

ಮೊದಲು ಆ 31. ಅದು ಆಲೋಮ್ಯಾಪ್ ಅನ್ನುವ ರಕ್ತಪರೀಕ್ಷೆಯ ಅಂಕ, 0ಯಿಂದ 40ರವರೆಗೆ ಇರುತ್ತದೆ. ಆ ಪರೀಕ್ಷೆ ನಿನಗೆ ಕಸಿ ಮಾಡಿದ ಹೊಸ ಹೃದಯವನ್ನು ಮುಟ್ಟುವುದೂ ಇಲ್ಲ, ನೋಡುವುದೂ ಇಲ್ಲ. ನಿನ್ನದೇ ಬಿಳಿ ರಕ್ತಕಣಗಳಲ್ಲಿ 20 ಜೀನ್‌ಗಳು ಎಷ್ಟು ಚುರುಕಾಗಿವೆ ಅಂತ ಅಳೆಯುತ್ತದೆ. ಅವುಗಳಲ್ಲಿ 11 ಜೀನ್‌ಗಳು ಅಂಕ ಕಟ್ಟಿಕೊಡುತ್ತವೆ, ಉಳಿದ 9 ಅಳತೆ ಸರಿಯಾಗಿದೆಯೇ ಅಂತ ತಾಳೆ ನೋಡುವುದಕ್ಕೆ. ಬೇರೆಯವರ ಅಂಗವೊಂದು ಮೈಯೊಳಗೆ ಕೂತಿದೆ ಅಂತ ಆ ಕಣಗಳು ಕೆರಳಿವೆಯೋ, ತಣ್ಣಗಿವೆಯೋ ಅನ್ನುವ ಸುದ್ದಿ ಅಷ್ಟೇ ಅದು. ಒಂದೆರಡು ಅಂಕ ಆಚೀಚೆ ಆಗುವುದು ಲೆಕ್ಕಕ್ಕಿಲ್ಲ. ಅದೂ ಅಲ್ಲದೆ ನಿನ್ನ ಪ್ರೆಡ್ನಿಸೋನ್ ಡೋಸನ್ನು ತಿಂಗಳು ತಿಂಗಳು ಇಳಿಸುತ್ತಿದ್ದಾರೆ ತಾನೆ? ಸ್ಟೀರಾಯ್ಡ್ ಆ ಜೀನ್‌ಗಳ ಬಾಯಿ ಕಟ್ಟಿರುತ್ತದೆ. ಡೋಸ್ ಇಳಿದ ಹಾಗೆ ಅಂಕ ನಿಧಾನವಾಗಿ ಮೇಲೆ ಬರುವುದುಂಟು. ದಿನಕ್ಕೆ 20 ಮಿಲಿಗ್ರಾಂ ಅಥವಾ ಹೆಚ್ಚು ತೆಗೆದುಕೊಳ್ಳುವವರಿಗೆ ಈ ಪರೀಕ್ಷೆ ಹೊಂದುವುದೇ ಇಲ್ಲ.

ಇನ್ನೊಂದು ವಿಷಯ ನಿನ್ನಮ್ಮನಿಗೆ ಹೇಳು. ಈ ಪರೀಕ್ಷೆಯನ್ನು ಬಯಾಪ್ಸಿಯ ಪಕ್ಕ ನಿಲ್ಲಿಸಿ ನೋಡಿದ ದೊಡ್ಡ ಅಧ್ಯಯನ ನೀನಿರುವ ಅಮೆರಿಕದಲ್ಲೇ ನಡೆಯಿತು, ಇಮೇಜ್ ಅಂತ. 602 ರೋಗಿಗಳು, ಫಲಿತಾಂಶ ಪ್ರಕಟವಾದದ್ದು 2010ರಲ್ಲಿ. ಆ ಅಧ್ಯಯನ ಶುರುವಾದಾಗ ಬಯಾಪ್ಸಿಗೆ ಕರೆಯಬೇಕಾದ ಗೆರೆಯನ್ನು 30ಕ್ಕೆ ಎಳೆದಿದ್ದರು, ನಡುವೆ ಅದನ್ನು 34ಕ್ಕೆ ಏರಿಸಿದರು. ಗೆರೆ ಎಳೆದವರೂ ಮನುಷ್ಯರೇ. ಅದು ಯಾವ ತಾಮ್ರಶಾಸನದಲ್ಲೂ ಇಲ್ಲ. ಆದ್ದರಿಂದ ನಿನ್ನ ಡಾಕ್ಟರು ನೋಡುವುದು ಒಂದು ಸಲದ ಅಂಕವನ್ನಲ್ಲ, ನಿನ್ನದೇ ಹಿಂದಿನ ಅಂಕಗಳ ಸಾಲನ್ನು. ನೀನೂ ಹಾಗೇ ನೋಡು, ಅಥವಾ ನೋಡಲೇಬೇಡ.

ಬಯಾಪ್ಸಿಯನ್ನು ನೀನು ಎಷ್ಟು ಬೈಯುತ್ತೀಯ ಅಂತ ಗೊತ್ತು. ಕತ್ತಿನ ಬಲಗಡೆಯ ರಕ್ತನಾಳದಲ್ಲಿ ತಂತಿ ಇಳಿಸಿ, ಹೃದಯದ ಬಲ ಕೋಣೆಯಿಂದ ಸಾಸಿವೆ ಕಾಳಿಗಿಂತ ಚಿಕ್ಕ ಚೂರುಗಳನ್ನು ಕಿತ್ತು ತರುವುದು ಯಾರಿಗೆ ತಾನೆ ಇಷ್ಟ! ಆದರೂ ನನ್ನ ಕಸುಬಿನ ಮರ್ಯಾದೆಗೆ ಅದರ ಪರವಾಗಿ ನಾಲ್ಕು ಮಾತು ಹೇಳಲೇಬೇಕು.

1967ರ ಡಿಸೆಂಬರ್ 3ರಂದು ಕೇಪ್‌ಟೌನಿನ ಗ್ರೂಟ್ ಶೂರ್ ಆಸ್ಪತ್ರೆಯಲ್ಲಿ ಕ್ರಿಸ್ಟಿಯಾನ್ ಬರ್ನಾರ್ಡ್ ಮೊದಲ ಸಲ ಒಬ್ಬ ಮನುಷ್ಯನ ಹೃದಯವನ್ನು ಇನ್ನೊಬ್ಬನಿಗೆ ಜೋಡಿಸಿದರು. ಲೂಯಿ ವಾಷ್ಕಾನ್ಸ್ಕಿ 18 ದಿನ ಬದುಕಿದರು. ಹೃದಯ ಬಡಿಯುತ್ತಲೇ ಇತ್ತು, ಅವರನ್ನು ತೆಗೆದುಕೊಂಡು ಹೋದದ್ದು ನ್ಯುಮೋನಿಯಾ. ರಿಜೆಕ್ಷನ್ ಆಗದಿರಲಿ, ಅಂದರೆ ಮೈ ಹೊಸ ಹೃದಯದ ಮೇಲೆ ದಾಳಿ ಮಾಡದಿರಲಿ ಅಂತ ಕೊಟ್ಟ ಔಷಧಿ ಮೈಯ ಕಾವಲನ್ನೇ ಕುಗ್ಗಿಸಿತ್ತು. ಮರುವರ್ಷ ಜಗತ್ತಿನಲ್ಲಿ ನೂರಕ್ಕೂ ಹೆಚ್ಚು ಹೃದಯ ಕಸಿಗಳಾದವು. ಹೆಚ್ಚಿನವರು ವರ್ಷ ತುಂಬುವುದರೊಳಗೆ ತೀರಿಕೊಂಡರು, ಆಸ್ಪತ್ರೆಗಳು ಒಂದೊಂದಾಗಿ ಕೈಬಿಟ್ಟವು. ಔಷಧಿ ಕಡಿಮೆಯಾದರೆ ಮೈ ಹೃದಯವನ್ನು ತಿನ್ನುತ್ತದೆ, ಹೆಚ್ಚಾದರೆ ಸೋಂಕು ಮನುಷ್ಯನನ್ನೇ ತಿನ್ನುತ್ತದೆ. ನಡುವಿನ ದಾರಿಯಲ್ಲಿ ಎಲ್ಲಿದ್ದೇವೆ ಅಂತ ತಿಳಿಯುವುದಕ್ಕೆ ಆಗ ಇಸಿಜಿಯ ಗೆರೆಗಳ ಎತ್ತರ ಕುಗ್ಗಿತೇ ಅಂತ ನೋಡುತ್ತಿದ್ದರು. ಅಷ್ಟೇ ಇದ್ದದ್ದು.

ಕೈಬಿಡದವರು ನಿನ್ನ ಮನೆಯಿಂದ ಕಾರಿನಲ್ಲಿ ಹೋಗಿಬರಬಹುದಾದ ಸ್ಟ್ಯಾನ್‌ಫರ್ಡಿನ ನಾರ್ಮನ್ ಶಮ್‌ವೇ. 1970ರ ದಶಕದ ಆರಂಭದಲ್ಲಿ ಅವರ ತಂಡದ ಫಿಲಿಪ್ ಕೇವ್ಸ್, ಜಪಾನಿನ ಕೊನ್ನೊ ಮತ್ತು ಸಕಾಕಿಬಾರ ಮಾಡಿದ್ದ ಚಿಮಟವೊಂದನ್ನು ತಿದ್ದಿ, ಕತ್ತಿನ ನಾಳದ ಮೂಲಕ ಇಳಿಸುವ ಹಾಗೆ ಮಾಡಿದರು. ಹಾಗೆ ಬಂದ ಚೂರುಗಳನ್ನು ಮೈಕ್ರೋಸ್ಕೋಪಿನಡಿ ಇಟ್ಟು, ಯಾವುದು ಅಲ್ಪ, ಯಾವುದು ಅಪಾಯ ಅಂತ ದರ್ಜೆ ಕಟ್ಟಿದವರು ಮಾರ್ಗರೆಟ್ ಬಿಲ್ಲಿಂಗಮ್ ಅನ್ನುವ ಪ್ಯಾಥಾಲಜಿಸ್ಟ್. ನಿನ್ನ ಹಳೆಯ ರಿಪೋರ್ಟುಗಳಲ್ಲಿ 0ಆರ್, 1ಆರ್ ಅಂತ ಬರೆದಿರುತ್ತದಲ್ಲ, ಅದರ ಬೇರು ಆಕೆಯ ಕೆಲಸದಲ್ಲಿದೆ. ಹೃದಯ ಕಸಿಯ ಕಥೆ ಹೇಳುವವರು ಸರ್ಜನ್ನರ ಹೆಸರನ್ನಷ್ಟೇ ಹೇಳಿ ಮುಗಿಸುತ್ತಾರೆ. ನನಗೆ ಅದು ಯಾವತ್ತೂ ಒಗ್ಗಿಲ್ಲ.

ಹಾಗಂತ ಬಯಾಪ್ಸಿಯೇ ಕೊನೆಯ ಮಾತೂ ಅಲ್ಲ. ಅನ್ನ ಬೆಂದಿದೆಯೇ ಅಂತ ಒಂದು ಅಗುಳು ಹಿಸುಕಿ ನೋಡುತ್ತೇವೆ. ಹೃದಯದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ರಿಜೆಕ್ಷನ್ ಒಂದು ಕಡೆ ಇದ್ದು ಅದರ ಪಕ್ಕದಲ್ಲೇ ಇಲ್ಲದಿರಬಹುದು, ಅದಕ್ಕೇ ಐದಾರು ಚೂರು ಕೀಳುವುದು. ಇನ್ನು ಒಂದೇ ಸ್ಲೈಡನ್ನು ಇಬ್ಬರು ಪ್ಯಾಥಾಲಜಿಸ್ಟರ ಕೈಗೆ ಕೊಟ್ಟರೆ ಎರಡು ದರ್ಜೆ ಬರುವುದುಂಟು. ನಮ್ಮವರು ಇದನ್ನು ಜೋರಾಗಿ ಹೇಳುವುದಿಲ್ಲ, ನಾನು ನಿವೃತ್ತನಾದ್ದರಿಂದ ಹೇಳುತ್ತಿದ್ದೇನೆ. ಮತ್ತೆ ಮತ್ತೆ ಚಿಮಟ ಹೋಗಿ ಬಂದು ಬಲಗಡೆಯ ಟ್ರೈಕಸ್ಪಿಡ್ ಕವಾಟ ಸೋರಲು ತೊಡಗಬಹುದು. ಅಪರೂಪಕ್ಕೆ ಹೃದಯದ ಗೋಡೆಗೇ ತೂತು ಬೀಳುವುದೂ ಇದೆ. ಆದ್ದರಿಂದ ರಕ್ತದಲ್ಲೇ ಸುಳಿವು ಸಿಕ್ಕರೆ ಬೇಡ ಅನ್ನುವವರು ಯಾರು?

ನಿನ್ನ ರಿಪೋರ್ಟಿನಲ್ಲಿ 31ರ ಕೆಳಗೆ ಇನ್ನೊಂದು ಸಂಖ್ಯೆ ಇತ್ತು, ಶೇಕಡಾ 0.12 ಅಂತ. ಗುಂಪಿನಲ್ಲಿ ಯಾರೂ ಅದರ ಬಗ್ಗೆ ಮಾತಾಡಲಿಲ್ಲ. ನನಗೆ ಸಮಾಧಾನ ತಂದದ್ದು ಅದೇ.

ಅದು ನಿಜಕ್ಕೂ ಹೃದಯದಿಂದ ಬಂದ ಸುದ್ದಿ. ಮೈಯ ಜೀವಕೋಶಗಳು ಸತ್ತಾಗ ಅವುಗಳ ಡಿಎನ್‌ಎ ಚೂರುಚೂರಾಗಿ ರಕ್ತಕ್ಕೆ ಬಂದು ಸೇರುತ್ತದೆ, ಒಂದೆರಡು ಗಂಟೆಯೊಳಗೆ ಹೆಚ್ಚುಕಡಿಮೆ ತೊಳೆದು ಹೋಗುತ್ತದೆ. ನಿನ್ನ ರಕ್ತದಲ್ಲಿ ತೇಲುವ ಅಂಥ ಚೂರುಗಳಲ್ಲಿ ಹೆಚ್ಚಿನವು ನಿನ್ನವು, ಕೆಲವು ಮಾತ್ರ ಹೃದಯ ಕೊಟ್ಟವರವು. 0.12 ಅಂದರೆ ಹತ್ತು ಸಾವಿರ ಚೂರಿನಲ್ಲಿ ಹನ್ನೆರಡು ಅವರವು ಅಂತ. ಹೃದಯದ ಮೇಲೆ ದಾಳಿ ನಡೆದರೆ ಅದರ ಜೀವಕೋಶಗಳು ಹೆಚ್ಚು ಸಾಯುತ್ತವೆ, ಈ ಪಾಲು ಏರುತ್ತದೆ.

ಇದರ ಹಿಂದಿನ ಕಥೆ ನನಗೆ ಬಹಳ ಇಷ್ಟ. 1997ರಲ್ಲಿ ಡೆನಿಸ್ ಲೋ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಗರ್ಭಿಣಿಯರ ರಕ್ತದಲ್ಲಿ ಮಗುವಿನ ಡಿಎನ್‌ಎ ತೇಲುತ್ತಿರುವುದನ್ನು ತೋರಿಸಿದರು. ಅವರು ಹುಡುಕಿದ್ದು ಗಂಡಿನ ವೈ ಕ್ರೋಮೋಸೋಮನ್ನು. ತಾಯಿಯ ರಕ್ತದಲ್ಲಿ ಅದು ಸಿಕ್ಕರೆ ಹೊಟ್ಟೆಯಲ್ಲಿರುವ ಗಂಡು ಮಗುವಿನದಲ್ಲದೆ ಬೇರೆಯವರದಾಗಿರಲು ಹೇಗೆ ಸಾಧ್ಯ? ಮರುವರ್ಷವೇ ಅದೇ ಉಪಾಯದಿಂದ, ಗಂಡಸರ ಕಿಡ್ನಿ, ಲಿವರ್ ಪಡೆದ ಹೆಂಗಸರ ರಕ್ತದಲ್ಲಿ ದಾನಿಯ ಡಿಎನ್‌ಎ ಕಂಡುಹಿಡಿದರು. ಆದರೆ ಗಂಡಿನಿಂದ ಹೆಣ್ಣಿಗೆ ಹೋದ ಅಂಗಕ್ಕೆ ಮಾತ್ರ ಈ ಉಪಾಯ. ಸ್ಟ್ಯಾನ್‌ಫರ್ಡಿನ ಸ್ಟೀಫನ್ ಕ್ವೇಕ್, ಹನ್ನಾ ವ್ಯಾಲಂಟೈನ್, ಕಿರಣ್ ಖುಷ್ ಮೊದಲಾದವರು 2011ರಲ್ಲಿ ಬೇರೆ ದಾರಿ ತೋರಿಸಿದರು. ಮನುಷ್ಯರಲ್ಲಿ ಒಬ್ಬರಿಂದೊಬ್ಬರಿಗೆ ಡಿಎನ್‌ಎಯ ಅಕ್ಷರಗಳು ಅಲ್ಲಲ್ಲಿ ಬೇರೆಯಾಗಿರುತ್ತವಲ್ಲ, ಆ ವ್ಯತ್ಯಾಸಗಳನ್ನೇ ಹಿಡಿದು ಯಾರ ಚೂರು ಯಾವುದು ಅಂತ ಎಣಿಸಬಹುದು ಅಂತ. ಗಂಡು ಹೆಣ್ಣಿನ ಮಾತೇ ಬೇಕಾಗಲಿಲ್ಲ.

2021ರಲ್ಲಿ ಅಮೆರಿಕದ ರಾಜಧಾನಿಯ ಸುತ್ತಲಿನ ಆಸ್ಪತ್ರೆಗಳ ರೋಗಿಗಳ ಮೇಲಿನ ಅಧ್ಯಯನ ಬಂತು, ಗ್ರಾಫ್ಟ್ ಅಂತ. ದಾನಿಯ ಪಾಲು ಶೇಕಡಾ 0.25ಕ್ಕಿಂತ ಕಡಿಮೆ ಇದ್ದರೆ ಆ ಹೊತ್ತಿಗೆ ಗಂಭೀರ ರಿಜೆಕ್ಷನ್ ಇಲ್ಲ ಅನ್ನುವ ಭರವಸೆ ಶೇಕಡಾ 99ರಷ್ಟು ಅಂತ ಅದರಲ್ಲಿ ಬರೆದಿದ್ದಾರೆ. ಬೇರೆ ಬೇರೆ ಲ್ಯಾಬಿನ ಗೆರೆ ಸ್ವಲ್ಪ ಬೇರೆ, 0.2 ಅಂತಲೂ ಇಡುತ್ತಾರೆ. ಅದಕ್ಕೇ ಒಂದೇ ಲ್ಯಾಬಿನಲ್ಲಿ ಮಾಡಿಸುತ್ತಾ ಹೋಗು. ಎರಡು ಲ್ಯಾಬಿನ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ಏರಿತು, ಇಳಿಯಿತು ಅನ್ನಬಾರದು. ಬಯಾಪ್ಸಿಯೂ ಇರುವ ದಿನವಾದರೆ ರಕ್ತ ಮೊದಲು ಕೊಡು, ಚಿಮಟವೇ ಹೃದಯವನ್ನು ಗಾಯ ಮಾಡಿ ಸಂಖ್ಯೆ ಏರಿಸಬಹುದು.

ಈಗ ಕಿವಿಯನ್ನು ಹತ್ತಿರ ತಾ. ಈ ಎರಡು ಪರೀಕ್ಷೆಗಳೂ "ಏನಿಲ್ಲ" ಅನ್ನುವುದರಲ್ಲಿ ಗಟ್ಟಿ, "ಏನೋ ಇದೆ" ಅನ್ನುವುದರಲ್ಲಿ ಸಡಿಲ. ಸಂಖ್ಯೆ ಮೇಲೆ ಬಂದವರಲ್ಲಿ ಬಹಳ ಮಂದಿಗೆ ಬಯಾಪ್ಸಿ ಮಾಡಿದಾಗ ರಿಜೆಕ್ಷನ್ ಇರುವುದಿಲ್ಲ. ಹೃದಯಕ್ಕೆ ಪೆಟ್ಟಾಗಿದೆ ಅಂತ ಡಿಎನ್‌ಎ ಹೇಳಬಹುದು, ಹೊಡೆದವರು ಯಾರು ಅಂತ ಹೇಳಲಾರದು. ಬಿಳಿ ಕಣಗಳ ದಾಳಿಗೆ ಸ್ಟೀರಾಯ್ಡನ್ನು ದೊಡ್ಡ ಪ್ರಮಾಣದಲ್ಲಿ ಕೊಡುತ್ತಾರೆ. ಪ್ರತಿಕಾಯಗಳ ದಾಳಿಗೆ ಪ್ಲಾಸ್ಮಾ ಬದಲಿಸುವ ದಾರಿ ಬೇರೆಯೇ. ಅದನ್ನು ಬಿಡಿಸಿ ಹೇಳಲು ಮತ್ತೆ ಆ ಸಾಸಿವೆ ಕಾಳಿನ ಚೂರೇ ಬೇಕು, ಜೊತೆಗೆ ಎಕೋ, ದಾನಿಯ ವಿರುದ್ಧದ ಪ್ರತಿಕಾಯದ ರಕ್ತಪರೀಕ್ಷೆ. ಹಾಗಾಗಿ ಮುಂದೊಂದು ದಿನ ಸಂಖ್ಯೆ ಏರಿ, "ಬಯಾಪ್ಸಿಗೆ ಬಾ" ಅಂದರೆ "ಇನ್ನು ಬೇಡ ಅಂದಿದ್ದಿರಲ್ಲ" ಅಂತ ಜಗಳ ಆಡಬೇಡ. ಹೋಗು. ವರ್ಷಕ್ಕೊಮ್ಮೆ ಹೃದಯದ ರಕ್ತನಾಳ ನೋಡುವ ಆಂಜಿಯೋಗ್ರಾಮನ್ನೂ ರಕ್ತ ಚೆನ್ನಾಗಿದೆ ಅನ್ನುವ ನೆಪದಲ್ಲಿ ತಪ್ಪಿಸಿಕೊಳ್ಳಬೇಡ. ನಾಳಗಳು ಒಳಗಿನಿಂದ ನಿಧಾನವಾಗಿ ದಪ್ಪಗಾಗುವುದು ಬೇರೆ ಕಾಯಿಲೆ, ಅದಕ್ಕೆ ಈ ಸಂಖ್ಯೆಗಳು ಜಾಮೀನಲ್ಲ.

ಇಷ್ಟಾದರೂ ಏರಿದ ಸಂಖ್ಯೆಯ ಬಗ್ಗೆ ನನಗೆ ಅಷ್ಟು ಭಯವಿಲ್ಲ. ಏರಿದರೆ ಡಾಕ್ಟರು ಎಚ್ಚರವಾಗುತ್ತಾರೆ, ನೀನೂ ಎಚ್ಚರವಾಗುತ್ತೀಯ. ನನ್ನ ಭಯ ಇರುವುದು ಒಳ್ಳೆಯ ರಿಪೋರ್ಟಿನ ಬಗ್ಗೆ. ಮೂರು ನಾಲ್ಕು ಸಲ ಒಳ್ಳೆಯ ರಿಪೋರ್ಟು ಬಂದ ಮೇಲೆ, ನಿನ್ನ ವಯಸ್ಸಿನವರಿಗೆ ಒಂದು ಧೈರ್ಯ ಬರುತ್ತದೆ. ರಾತ್ರಿ ಮಾತ್ರೆ ಒಂದು ಗಂಟೆ ತಡವಾದರೆ ಏನಾಯಿತು, ಈ ವಾರ ಒಂದು ಹೊತ್ತು ತಪ್ಪಿದರೆ ಏನಾಯಿತು. ಆ ರಿಪೋರ್ಟು ಒಳ್ಳೆಯದಾಗಿ ಬಂದದ್ದೇ ಮಾತ್ರೆ ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದುದರಿಂದ. ರಕ್ತಪರೀಕ್ಷೆ ರಿಜೆಕ್ಷನ್ನನ್ನು ಕಂಡುಹಿಡಿಯುತ್ತದೆ, ತಡೆಯುವ ಕೆಲಸ ಅದರದಲ್ಲ. ಅದನ್ನು ಮಾಡುವುದು ಟ್ಯಾಕ್ರೊಲಿಮಸ್, ಜಪಾನಿನ ತ್ಸುಕುಬಾದ ಮಣ್ಣಿನಲ್ಲಿದ್ದ ಒಂದು ಬ್ಯಾಕ್ಟೀರಿಯಾದಿಂದ ಬಂದ ಔಷಧಿ.

ಟ್ಯಾಕ್ರೊಲಿಮಸ್‌ನ ರಕ್ತಮಟ್ಟದ ಪರೀಕ್ಷೆ ಈ ಮೂರು ರಕ್ತಪರೀಕ್ಷೆಗಳಲ್ಲಿ ಹಳೆಯದು, ಅಗ್ಗದ್ದು, ಯಾರೂ ವಾಟ್ಸಾಪಿಗೆ ಹಾಕದ್ದು. ನನ್ನನ್ನು ಕೇಳಿದರೆ ನಿನ್ನ ಕೈಯಲ್ಲಿರುವ ಪರೀಕ್ಷೆ ಅದೊಂದೇ. ಬೆಳಗಿನ ಮಾತ್ರೆಗೆ ಮೊದಲು, ಹಿಂದಿನ ರಾತ್ರಿಯ ಮಾತ್ರೆಯಿಂದ ಸುಮಾರು 12 ಗಂಟೆಗೆ ರಕ್ತ ಕೊಡಬೇಕು. ಮಾತ್ರೆ ನುಂಗಿ ಹೋಗಿ ಕೊಟ್ಟರೆ ಮಟ್ಟ ಸುಳ್ಳುಸುಳ್ಳೇ ಎತ್ತರ ಕಾಣುತ್ತದೆ. ಅದನ್ನು ನಂಬಿ ಡೋಸ್ ಇಳಿಸಿಬಿಟ್ಟರೆ ಏನಾಗುತ್ತದೆ ಅಂತ ನೀನೇ ಯೋಚಿಸು. ಮರೆತು ನುಂಗಿಬಿಟ್ಟಿದ್ದರೆ ಲ್ಯಾಬಿನಲ್ಲಿ ನಾಚಿಕೆ ಇಲ್ಲದೆ ಹೇಳು, ಇನ್ನೊಂದು ದಿನ ಕೊಡು.

ಇನ್ನೊಂದು. ಇಮೇಜ್ ಅಧ್ಯಯನದಲ್ಲಿ ರಕ್ತಪರೀಕ್ಷೆಯ ಗುಂಪಿನಲ್ಲೂ ರಿಜೆಕ್ಷನ್ ಆದವರಲ್ಲಿ ಬಹುಪಾಲು ಮಂದಿ ಸಿಕ್ಕಿಬಿದ್ದದ್ದು ಅಂಕದಿಂದಲ್ಲ, ರೋಗಲಕ್ಷಣ ಅಥವಾ ಎಕೋದಿಂದ. ಆದ್ದರಿಂದ ಮೈಯ ಮಾತು ಕೇಳಿಸಿಕೊ. ಆದರೆ ಎದೆನೋವಿಗೆ ಕಾಯಬೇಡ. ಕಸಿಯ ಹೊತ್ತಿನಲ್ಲಿ ಹೃದಯದ ನರಗಳು ಕಡಿದುಹೋಗಿರುವುದರಿಂದ ಅದು ನೋವನ್ನು ಹೇಳದೆಯೂ ಇರಬಹುದು. ಸುಮ್ಮನೆ ಕೂತಾಗಲೂ ನಾಡಿ 90, 100 ಇರುವುದು ಅದೇ ಕಾರಣಕ್ಕೆ, ಅದಕ್ಕೆ ಹೆದರಬೇಡ. ಎರಡು ದಿನದಲ್ಲಿ ತೂಕ ಏರಿದರೆ, ಕಾಲು ಊದಿದರೆ, ಮೆಟ್ಟಿಲು ಹತ್ತುವಾಗ ನಿನ್ನೆ ಇಲ್ಲದ ಏದುಸಿರು ಬಂದರೆ, ಮಲಗಿದರೆ ಉಸಿರು ಕಟ್ಟಿದರೆ ಅವತ್ತೇ ಫೋನ್ ಮಾಡು. ಹೋದ ವಾರದ ರಿಪೋರ್ಟು ಚೆನ್ನಾಗಿತ್ತು ಅನ್ನುವುದು ಈ ವಾರಕ್ಕೆ ಉತ್ತರವಲ್ಲ.

ಮದುವೆಯಾದವಳು, ದೊಡ್ಡಪ್ಪ ಇದನ್ನೆಲ್ಲ ಹೇಳುತ್ತಾರೆ ಅಂತ ಸಂಕೋಚ ಪಡಬೇಡ. ಮಗುವಿನ ಯೋಚನೆ ಬಂದರೆ ಮೊದಲು ತಿಳಿಸಬೇಕಾದ್ದು ಟ್ರಾನ್ಸ್‌ಪ್ಲಾಂಟ್ ಡಾಕ್ಟರಿಗೆ, ಅದೂ ಗರ್ಭ ನಿಲ್ಲುವುದಕ್ಕೆ ಬಹಳ ಮುಂಚೆ. ನೀನು ನುಂಗುವ ಮೈಕೋಫಿನೊಲೇಟ್ ಗರ್ಭದ ಕೂಸಿಗೆ ಹಾನಿ ಮಾಡುತ್ತದೆ. ಗರ್ಭಿಣಿಯಾದಾಗ ಈ ರಕ್ತಪರೀಕ್ಷೆಗಳನ್ನೂ ನೆಚ್ಚಲಾಗುವುದಿಲ್ಲ. ಮಗುವಿನ ಡಿಎನ್‌ಎಯೂ ನಿನ್ನ ರಕ್ತದಲ್ಲಿ ಬೆರೆತು, ಎಣಿಸುವ ಯಂತ್ರಕ್ಕೆ ಮೂರನೆಯವರೊಬ್ಬರು ಎದುರಾಗುತ್ತಾರೆ.

ಮೇ ತಿಂಗಳಲ್ಲಿ ನಿನ್ನ ತಂಗಿಯ ಮದುವೆಗೆ ಬರುತ್ತೇನೆ ಅಂದಿದ್ದೀಯ. ಡಾಕ್ಟರು ಒಪ್ಪಿದರೆ ಬಾ. ನಾವಿಲ್ಲಿ ಮೊದಲು ಮಾಡುವುದೇ ನಿನ್ನ ಬಾಯಿಗೆ ಏನಾದರೂ ತುರುಕುವುದು, ಅದಕ್ಕೇ ಈಗಲೇ ಹೇಳಿಬಿಡುತ್ತೇನೆ. ಗ್ರೇಪ್‌ಫ್ರೂಟ್ ಬೇಡ ಅಂತ ಅಲ್ಲಿ ಹೇಳಿರುತ್ತಾರೆ. ದೇವನಹಳ್ಳಿ ಚಕ್ಕೋತದ ಹೆಸರು ಆ ಪಟ್ಟಿಯಲ್ಲಿ ಇರಲಿಕ್ಕಿಲ್ಲ. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತ ಮತ್ತು ಕಿತ್ತಳೆಯ ಬೆರಕೆಯಿಂದ, ಟ್ಯಾಕ್ರೊಲಿಮಸ್ ಮಟ್ಟವನ್ನು ಚಕ್ಕೋತವೂ ಏರಿಸಬಲ್ಲದು. ಏರ್‌ಪೋರ್ಟಿನಿಂದ ಬರುವ ದಾರಿಯಲ್ಲೇ ನಿನ್ನ ಚಿಕ್ಕಪ್ಪ ಕಾರು ನಿಲ್ಲಿಸಿ ಕೊಂಡುಕೊಳ್ಳುತ್ತಾನೆ, ಅವನು ತಿನ್ನಲಿ. ಸೋದರತ್ತೆಯ ಕಷಾಯ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದಂತೆ. ಅದನ್ನು ತಗ್ಗಿಸುವುದಕ್ಕೆಂದೇ ನೀನು ಹೊತ್ತುಹೊತ್ತಿಗೆ ಮಾತ್ರೆ ನುಂಗುತ್ತಿದ್ದೀಯ. ಅವಳಿಗೆ ನಾನು ಹೇಳುತ್ತೇನೆ, ನೀನು ಹೇಳಿ ನಿಷ್ಠುರ ಆಗಬೇಡ. ಇಲ್ಲಿ ಕೆಮ್ಮು ಬಂತು ಅಂತ ಬೀದಿಯ ಕ್ಲಿನಿಕ್ಕಿಗೆ ಹೋಗಿ ಕ್ಲಾರಿಥ್ರೊಮೈಸಿನ್ ಥರದ ಆಂಟಿಬಯಾಟಿಕ್ ತೆಗೆದುಕೊಂಡರೆ ಟ್ಯಾಕ್ರೊಲಿಮಸ್ ಮಟ್ಟ ಏರುತ್ತದೆ, ಟಿಬಿಗೆ ಕೊಡುವ ರಿಫಾಂಪಿಸಿನ್ ಅದನ್ನು ಪಾತಾಳಕ್ಕೆ ಇಳಿಸುತ್ತದೆ. ಭೇದಿಯಾದರೂ ಮಟ್ಟ ಏರಬಹುದು. ಹೊಟ್ಟೆ ಕೆಟ್ಟರೆ ಓಆರ್‌ಎಸ್ ಕುಡಿದು ಸುಮ್ಮನಾಗಬೇಡ, ಅಲ್ಲಿಯ ಟ್ರಾನ್ಸ್‌ಪ್ಲಾಂಟ್ ನರ್ಸ್‌ಗೆ ತಿಳಿಸಿ ರಕ್ತಮಟ್ಟ ನೋಡಿಸು.

ಗಡಿಯಾರದ ವಿಷಯದಲ್ಲಿ ನಿನಗೆ ಅದೃಷ್ಟ. ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾಕ್ಕಿಂತ ನಾವು ಹನ್ನೆರಡೂವರೆ ಗಂಟೆ ಮುಂದೆ. ಅಲ್ಲಿ ಬೆಳಿಗ್ಗೆ 8, ರಾತ್ರಿ 8ಕ್ಕೆ ನುಂಗುವ ಮಾತ್ರೆ ಇಲ್ಲಿ ರಾತ್ರಿ 8.30, ಬೆಳಿಗ್ಗೆ 8.30ಕ್ಕೆ ಬೀಳುತ್ತದೆ, ಹೊತ್ತು ಬದಲಿಸುವ ಗೋಜೇ ಇಲ್ಲ. ವಿಮಾನದಲ್ಲಿ ಮಾತ್ರ ಮೊಬೈಲಿನ ಅಲಾರಂ ಅಲ್ಲಿಯ ಸಮಯಕ್ಕೇ ಇರಲಿ. ಮಾತ್ರೆಗಳನ್ನು ಉಳಿಯುವ ದಿನಗಳಿಗಿಂತ ಎರಡು ವಾರದಷ್ಟು ಹೆಚ್ಚು ತಾ. ಎಲ್ಲವನ್ನೂ ಕೈಚೀಲದಲ್ಲಿ, ಡಬ್ಬಿಯ ಮೇಲಿನ ಹೆಸರಿನ ಚೀಟಿ ಕೀಳದೆ, ಡಾಕ್ಟರ ಪತ್ರದ ಜೊತೆ ಇಟ್ಟುಕೊ. ಅರ್ಧ ಅಳಿಯಂದಿರ ಚೀಲದಲ್ಲಿರಲಿ. ಚೆಕ್-ಇನ್ ಸೂಟ್‌ಕೇಸಿಗೆ ಒಂದೂ ಬೇಡ, ಅದು ದುಬೈನಲ್ಲೋ ಫ್ರಾಂಕ್‌ಫರ್ಟಿನಲ್ಲೋ ಉಳಿದುಬಿಟ್ಟರೆ ಸೀರೆಯನ್ನಾದರೆ ಇಲ್ಲಿ ಹೊಸದು ಕೊಳ್ಳಬಹುದು.

ನಿನ್ನ ದೊಡ್ಡಪ್ಪ